ಎರಡು ಸುರುಳಿಗಳು, ಎರಡು ಎಲೆಕೋಸುಗಳು

ಚೀನದ 'ಸ್ಪ್ರಿಂಗ್ ರೋಲ್', ಅಮೆರಿಕದ 'ಎಗ್ ರೋಲ್' ಎಂಬ ಕರಿದ ಸುರುಳಿಗಳನ್ನು ಮನೆಯಲ್ಲಿ ಮಾಡುವವರಿಗೆ ಯಾವ ಎಲೆಕೋಸು ತಕ್ಕುದೆಂಬ ಪ್ರಶ್ನೆ ಕೇವಲ ಪಾಕಶಾಸ್ತ್ರದ್ದೆಂದು ತೋರಬಹುದು. ಆದರೆ ಅದರ ಉತ್ತರದ ಅರ್ಧಭಾಗ ಇತಿಹಾಸದಲ್ಲಿದೆ. ಚೀನದ ಕೋಸೇ ಶುದ್ಧ, ಉಳಿದುದು ಅಪಭ್ರಂಶವೆಂಬ ಎಣಿಕೆ ಪರಿಶೀಲನೆಗೆ ನಿಲ್ಲಲಾರದು.

ಮೊದಲು ಹೆಸರಿನ ಗೊಂದಲ ನಿವಾರಣೆಯಾಗಬೇಕು. ನಮ್ಮ ಸಂತೆಗಳಲ್ಲಿ ದೊರೆಯುವ, ಚೆಂಡಿನಂತೆ ಬಿಗಿದ ಕೋಸು ಯೂರೋಪಿನ 'ಬ್ರಾಸಿಕ ಒಲೆರೇಸಿಯ'. ಚೀನೀಯರ ಉದ್ದನೆಯ, ತಿಳಿಹಸುರಿನ 'ನಾಪಾ' ಕೋಸು 'ಬ್ರಾಸಿಕ ರಾಪ'. ಅದು ಟರ್ನಿಪ್ ಗೆಡ್ಡೆಯ ಜಾತಿಗೇ ಸೇರಿದುದು. ಮೊದಲನೆಯದಕ್ಕೆ 9 ಜೊತೆ ವರ್ಣತಂತುಗಳು, ಎರಡನೆಯದಕ್ಕೆ 10. ಹೆಸರೊಂದೇ ಆದರೂ ಸಸ್ಯಗಳು ಬೇರೆ.

ಚೀನದಲ್ಲಿ ವಸಂತಾರಂಭದ ದಿನ, ಅಂದರೆ ಫೆಬ್ರವರಿ 4ರ ಸುಮಾರಿಗೆ, ಎಳೆಯ ಸೊಪ್ಪುಗಳನ್ನು ತಟ್ಟೆಯಲ್ಲಿಟ್ಟು ತಿನ್ನುವ ಪದ್ಧತಿಯಿತ್ತು. ಟ್ಯಾಂಗ್ ಯುಗದ ಕವಿ ಡು ಫೂ (712–770) ಈ ವಸಂತದ ತಟ್ಟೆಯನ್ನು ತನ್ನ ಕವನವೊಂದರಲ್ಲಿ ಸ್ಮರಿಸಿದ್ದಾನೆ. ತೆಳು ಗೋಧಿ ಹಾಳೆಯಲ್ಲಿ ಸೊಪ್ಪನ್ನು ಸುತ್ತುವುದೂ ಆ ಸುತ್ತಿದುದನ್ನು ಕರಿಯುವುದೂ ಈ ಪರಂಪರೆಯ ಮುಂದಿನ ಬೆಳವಣಿಗೆಗಳು. ನಾಪಾ ಕೋಸು ಚಳಿಗಾಲವಿಡೀ ಕೆಡದೆ ಉಳಿಯತಕ್ಕುದಾದ್ದರಿಂದ ವಸಂತದ ಮೊದಲ ದಿನಗಳಲ್ಲಿ ಕೈಗೆ ಸಿಗುತ್ತಿತ್ತು. ಷಾಂಘಾಯಿಯ ಸುರುಳಿಗಳಲ್ಲಿ ಅದಕ್ಕೆ ಇಂದಿಗೂ ಅಗ್ರಸ್ಥಾನವಿದೆ.

ಅಮೆರಿಕದ ಕಥೆ ಬೇರೆ. ಅಲ್ಲಿನ ಸರ್ಕಾರ 1882ರಲ್ಲಿ ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿತು. ವರ್ತಕರೇ ಮೊದಲಾದ ಕೆಲವು ವರ್ಗಗಳಿಗೆ ಮಾತ್ರ ವಿನಾಯಿತಿ. 1915ರಲ್ಲಿ ಕೆಲವು ಉಪಾಹಾರಗೃಹಗಳ ಒಡೆಯರನ್ನೂ ನ್ಯಾಯಾಲಯವು ವರ್ತಕರೆಂದು ಪರಿಗಣಿಸಿದ ಮೇಲೆ ಇಂಥ ಗೃಹಗಳು ಬಹಳವಾಗಿ ಹೆಚ್ಚಿದುವು. ನಿಷೇಧ ರದ್ದಾದುದು 1943ರಲ್ಲಿ. ಅಲ್ಲಿನ ಪೇಟೆಗಳಲ್ಲಿ ಅಗ್ಗವಾಗಿ ದೊರೆಯುತ್ತಿದ್ದ ಬಿಗಿಕೋಸು ದಪ್ಪ ಹೊದಿಕೆಯ ಎಗ್ ರೋಲಿನ ಮುಖ್ಯ ಹೂರಣವಾಯಿತು. ಇದನ್ನು ಕಲಬೆರಕೆಯೆಂದು ಹಳಿಯುವುದಕ್ಕಿಂತ, ಕಾನೂನಿನ ಇಕ್ಕಟ್ಟಿನಲ್ಲಿ ಬದುಕಿದವರ ಜಾಣ್ಮೆಯೆಂದು ತಿಳಿಯುವುದು ನ್ಯಾಯ.

ಅಡಿಗೆಯ ದೃಷ್ಟಿಯಿಂದ ನಿರ್ಣಾಯಕವಾದುದು ನೀರು. ಬಿಗಿಕೋಸಿನಲ್ಲಿ ನೂರಕ್ಕೆ ಸುಮಾರು 92 ಭಾಗ ನೀರು, ನಾಪಾದಲ್ಲಿ 95. ಅಂತರ ಅಲ್ಪವೆನ್ನಬಾರದು, ಉಳಿಯುವ ಘನಾಂಶ ಒಂದರಲ್ಲಿ 8, ಇನ್ನೊಂದರಲ್ಲಿ 5. ಕಾದ ಎಣ್ಣೆಯಲ್ಲಿ ಈ ನೀರು ಆವಿಯಾಗಿ ಹೊದಿಕೆಯನ್ನು ಒಡೆಯುತ್ತದೆ, ಒಡೆಯದಿದ್ದರೆ ಮೆತ್ತಗಾಗಿಸುತ್ತದೆ. ಆದುದರಿಂದ ದಪ್ಪ ಹೊದಿಕೆಗೆ, ಕಚ್ಚಿದಾಗ ಗರಿಗರಿಯಾಗಿರಬೇಕಾದ ಹೂರಣಕ್ಕೆ, ಬಿಗಿಕೋಸೇ ಮೇಲು. ಅದನ್ನು ಸಣ್ಣಗೆ ಹೆಚ್ಚಿ ಜೋರು ಉರಿಯಲ್ಲಿ ಬೇಗನೆ ಬಾಡಿಸಬೇಕು. ಹೆಚ್ಚು ಬೆಂದರೆ ಗಂಧಕದ ವಾಸನೆ ಏಳುತ್ತದೆ. ತೆಳು ಹೊದಿಕೆಯ ಮೃದುವಾದ, ಸಿಹಿಯಾದ ಹೂರಣಕ್ಕೆ ನಾಪಾ ಒಪ್ಪುತ್ತದೆ. ಹೆಚ್ಚಿದ ಮೇಲೆ ಉಪ್ಪು ಬೆರಸಿ ಕಾಲು ಗಂಟೆ ಬಿಟ್ಟು ಚೆನ್ನಾಗಿ ಹಿಂಡತಕ್ಕದ್ದು. ಯಾವ ಹೂರಣವಾದರೂ ಪೂರ್ತಿ ಆರಿದ ಮೇಲೆಯೇ ಸುತ್ತಬೇಕು. ಕೆಂಪು ಕೋಸು ಬೇಡ. ಅದರ ಬಣ್ಣ ಉಳಿದುದಕ್ಕೆಲ್ಲ ಹತ್ತುತ್ತದೆ.

ಕೊಳ್ಳುವಾಗ ಗಾತ್ರಕ್ಕೆ ಮೀರಿ ತೂಕವಿರುವುದನ್ನು ಆರಿಸಬೇಕು. ನಾಪಾದ ಬಿಳಿಯ ದಂಟಿನ ಮೇಲೆ ಕೆಲವೊಮ್ಮೆ ಎಳ್ಳಿಗಿಂತ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ, ಅವು ನಿರಪಾಯ.