ಸಕ್ಕರೆ ಕಾಯಿಲೆಯ ಮಾತ್ರೆ: ಯಕೃತ್ತಿಗೆ ಅಪಾಯವೆಷ್ಟು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂತಹ ಬಯಲುಸೀಮೆಯ ತಾಲ್ಲೂಕುಗಳಲ್ಲಿಯೂ ಸಕ್ಕರೆ ಕಾಯಿಲೆ ಈಗ ಪೇಟೆಯವರಿಗಷ್ಟೇ ಸೀಮಿತವಲ್ಲ. ಕಾಯಿಲೆಯ ಬೆನ್ನಿಗೇ 'ದಿನವೂ ಮಾತ್ರೆ ನುಂಗಿದರೆ ಲಿವರ್ ಕೆಡುತ್ತದೆ' ಎಂಬ ಭಯವೂ ಬರುತ್ತದೆ. ಇದರಲ್ಲಿ ಸತ್ಯವೆಷ್ಟು?

ಭಯಕ್ಕೆ ಕಾರಣ ಇಲ್ಲದಿಲ್ಲ. ಟ್ರೋಗ್ಲಿಟಾಜೋನ್ ಎಂಬ ಮಾತ್ರೆ 1997ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು. ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತು ಸಂಪೂರ್ಣ ವಿಫಲವಾಗಿ ಸಾವುಗಳು ಸಂಭವಿಸಿದವು. ಬ್ರಿಟನ್‌ನಲ್ಲಿ ಅದೇ ವರ್ಷದ ಡಿಸೆಂಬರ್‌ನಲ್ಲಿ, ಅಮೆರಿಕದಲ್ಲಿ 2000ದ ಮಾರ್ಚ್‌ನಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅದೇ ಗುಂಪಿನ ಪಯೋಗ್ಲಿಟಾಜೋನ್ ಭಾರತದಲ್ಲಿ ಇಂದಿಗೂ ಬಳಕೆಯಲ್ಲಿದೆ. ಇದರಲ್ಲಿ ಅಂತಹ ಅಪಾಯ ಕಂಡುಬಂದಿಲ್ಲ. 2013ರಲ್ಲಿ ಕೇಂದ್ರ ಸರ್ಕಾರ ಇದರ ಮಾರಾಟವನ್ನು ಕೆಲಕಾಲ ತಡೆಹಿಡಿದುದು ಮೂತ್ರಕೋಶದ ಕ್ಯಾನ್ಸರ್ ಶಂಕೆಯಿಂದಲೇ ಹೊರತು ಯಕೃತ್ತಿನ ಕಾರಣಕ್ಕಲ್ಲ.

ಹೆಚ್ಚು ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಯಕೃತ್ತಿನಲ್ಲಿ ವಿಭಜನೆಗೊಳ್ಳದೆ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಇದರಿಂದ ಯಕೃತ್ತಿಗೆ ಹಾನಿಯಾಗುವುದು ಅತಿ ವಿರಳ. ಆದರೆ ವಿಪರೀತ ಮದ್ಯಪಾನಿಗಳಲ್ಲಿ ಇದು ರಕ್ತದ ಆಮ್ಲತೆಯನ್ನು ಅಪಾಯಕರ ಮಟ್ಟಕ್ಕೆ ಏರಿಸಬಹುದು. ಗ್ಲಿಮಿಪಿರೈಡ್‌ನಂತಹ ಮಾತ್ರೆಗಳು ಯಕೃತ್ತಿನಲ್ಲೇ ಕರಗುವುದರಿಂದ, ಯಕೃತ್ತು ದುರ್ಬಲವಾಗಿದ್ದವರಲ್ಲಿ ಸಕ್ಕರೆ ಅಂಶ ಹಠಾತ್ ಕುಸಿಯಬಹುದು.

ಮಾತ್ರೆಗಿಂತ ಕಾಯಿಲೆಯೇ ಅಪಾಯ

ಮಧುಮೇಹಿಗಳ ಯಕೃತ್ತು ಹಾಳಾಗಲು ಬಹುಪಾಲು ಕಾರಣ ಅದರಲ್ಲಿ ಶೇಖರವಾಗುವ ಕೊಬ್ಬು. ಕೇಂದ್ರ ಸರ್ಕಾರ 2021ರಲ್ಲಿ ಈ ತೊಂದರೆಯನ್ನೂ ಅಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾರ್ಯಕ್ರಮಕ್ಕೆ ಸೇರಿಸಿತು. ಆದ್ದರಿಂದ ಹೆದರಿ ಮಾತ್ರೆ ನಿಲ್ಲಿಸಿದರೆ ಯಕೃತ್ತು ಉಳಿಯುವುದಿಲ್ಲ. ಸಕ್ಕರೆ ಏರಿ ಕಣ್ಣು, ಮೂತ್ರಪಿಂಡ, ಪಾದಗಳಿಗೂ ಕುತ್ತು ಬರುತ್ತದೆ.

ಕ್ಷಯರೋಗದ ಔಷಧಿಗಳು, ಮಿತಿಮೀರಿದ ಪ್ಯಾರಾಸಿಟಮಾಲ್, ಏನು ಬೆರೆಸಲಾಗಿದೆ ಎಂಬುದೇ ತಿಳಿಯದ ನಾಟಿ ಪುಡಿಗಳು ಸಹ ಯಕೃತ್ತಿಗೆ ಪೆಟ್ಟು ಕೊಡಬಲ್ಲವು. ಸಕ್ಕರೆ ಕಾಯಿಲೆಗೆಂದು ಹಲವರು ಸೇವಿಸುವ ಅಮೃತಬಳ್ಳಿಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಹಾಗಿದ್ದರೂ ಸೇವಿಸುವವರು ವೈದ್ಯರಿಗೆ ತಿಳಿಸುವುದು ಕ್ಷೇಮ.

ಲಕ್ಷಣ ಕಂಡರೆ

ಕಣ್ಣು ಹಳದಿಯಾಗುವುದು, ಕಡು ಬಣ್ಣದ ಮೂತ್ರ, ಊಟ ಸೇರದಿರುವುದು, ವಾಕರಿಕೆ, ಹೊಟ್ಟೆಯ ಬಲ ಮೇಲ್ಭಾಗದ ನೋವು ಎಚ್ಚರಿಕೆಯ ಗಂಟೆಗಳು. ಕಾಮಾಲೆ ಎಂದೊಡನೆ ನಾಟಿ ಔಷಧಿಗೆ ಓಡುವ ರೂಢಿ ಇಲ್ಲಿ ದುಬಾರಿಯಾಗಬಹುದು. ಔಷಧಿಯೇ ಕಾರಣವಾಗಿದ್ದರೆ ಅದನ್ನು ಬೇಗ ಗುರುತಿಸಿ ನಿಲ್ಲಿಸುವುದೇ ಮೊದಲ ಚಿಕಿತ್ಸೆ. ಆಂಧ್ರದ ಗಡಿ ಸುತ್ತುವರಿದಿರುವ ಪಾವಗಡದಿಂದ ಜಿಲ್ಲಾಸ್ಪತ್ರೆಯಿರುವ ತುಮಕೂರು ಸುಮಾರು 100 ಕಿ.ಮೀ. ದೂರ. ತಡಮಾಡಿದಷ್ಟೂ ದಾರಿ ಉದ್ದವಾಗುತ್ತದೆ. ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ನಾಟಿ ಪೊಟ್ಟಣವೂ ಸೇರಿದಂತೆ ಸೇವಿಸುತ್ತಿರುವ ಎಲ್ಲ ಔಷಧಿಗಳನ್ನು ಜೊತೆಗೆ ಒಯ್ಯಬೇಕು.

ಔಷಧಿಯ ಅಡ್ಡಪರಿಣಾಮದ ಬಗ್ಗೆ ರೋಗಿಗಳೇ ದೂರು ದಾಖಲಿಸಲು ಭಾರತೀಯ ಔಷಧ ಸುರಕ್ಷತಾ ಕಾರ್ಯಕ್ರಮದ ಶುಲ್ಕರಹಿತ ದೂರವಾಣಿ 1800-180-3024 ಇದೆ.