ಡೆಟ್ರಾಯಿಟಿನ ಭಯಾನಕ ಕವಿ

ಆಷಾಢ ಮಾಸದಲ್ಲಿ ಹೈದರಾಬಾದಿನಲ್ಲಿಯೂ ಅದರ ದಕ್ಷಿಣದ ಅಂಚಿಗಿರುವ ನಮ್ಮ ಶಂಶಾಬಾದಿನ ಸೀಮೆಯಲ್ಲಿಯೂ ಅಮ್ಮನವರಿಗೆ ಬೋನವೆಂಬ ಅನ್ನದ ಎಡೆಯನ್ನು ಒಪ್ಪಿಸುವ ಬೋನಾಲು ಹಬ್ಬ ನಡೆಯುವಾಗ, ತಲೆಯ ಮೇಲೆ ಬೋನದ ಗಡಿಗೆಯನ್ನೂ ಅದರ ಮೇಲೆ ಉರಿಯುವ ದೀಪವನ್ನೂ ಹೊತ್ತ ಹೆಣ್ಣುಮಕ್ಕಳ ಮೆರವಣಿಗೆಯ ಮುಂದೆ, ಮೈಗೆಲ್ಲ ಅರಿಸಿನ ಬಳಿದು, ಹಣೆಗೆ ಕುಂಕುಮವಿಟ್ಟು, ನಡುವಿಗೆ ಬೇವಿನ ಸೊಪ್ಪನ್ನು ಸುತ್ತಿಕೊಂಡ ಪೋತರಾಜು, ಚಾಟಿಯನ್ನು ಬೀಸುತ್ತ, ಡಪ್ಪಿನ ಗತಿಗೆ ಗೆಜ್ಜೆಗಾಲನ್ನು ಕುಟ್ಟುತ್ತ ಬರುತ್ತಾನೆ. ಅವನನ್ನು ಕಂಡು ಮಕ್ಕಳು ತಾಯಿಯ ಸೆರಗಿನ ಮರೆಯನ್ನು ಸೇರುವುದುಂಟು. ಆದರೆ ಅವನು ಅಮ್ಮನವರ ಸೋದರ, ಊರಿನ ಕಾವಲುಗಾರ. ಭಯವನ್ನು ಹುಟ್ಟಿಸುವವನೆಲ್ಲ ಕೇಡಿಗನಲ್ಲವೆಂಬುದನ್ನು ನಮ್ಮ ಜನ ಶಾಸ್ತ್ರವನ್ನು ಓದದೆಯೇ ಬಲ್ಲರು. ಶಾಸ್ತ್ರವೂ ಅದನ್ನೇ ಹೇಳುತ್ತದೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಶೃಂಗಾರ ವೀರ ರಸಗಳಿಗೆ ಕೊಟ್ಟ ಪೀಠದ ಸಾಲಿನಲ್ಲಿಯೇ ಭಯಾನಕ ಬೀಭತ್ಸಗಳನ್ನೂ ಕುಳ್ಳಿರಿಸಿ, ಒಂದಕ್ಕೆ ಕಾಲನನ್ನೂ ಇನ್ನೊಂದಕ್ಕೆ ಮಹಾಕಾಲನನ್ನೂ ಅಧಿದೇವತೆಯಾಗಿ ವಿಧಿಸಿದ್ದಾನೆ. ಭಯವನ್ನೇ ಹಾಡಾಗಿಸಿದ, ಅಮೆರಿಕದ ಡೆಟ್ರಾಯಿಟ್ ನಗರದ ಈಶಾಮ್ ಎಂಬ ರ‍್ಯಾಪ್ ಗಾಯಕನನ್ನು ಕನ್ನಡದ ಓದುಗರಿಗೆ ಪರಿಚಯಿಸಲು ಇದಕ್ಕಿಂತ ಹತ್ತಿರದ ದಾರಿ ನನಗೆ ತೋರಲಿಲ್ಲ.

ಈಶಾಮ್ ಅಟಿಕಾ ಸ್ಮಿತ್ ಹುಟ್ಟಿದ್ದು 1973ರಲ್ಲಿ. ಅವನು ಬೆಳೆದ ಡೆಟ್ರಾಯಿಟ್ ಒಂದು ಕಾಲಕ್ಕೆ ಜಗತ್ತಿಗೆ ಮೋಟಾರುಗಳನ್ನು ಕಟ್ಟಿಕೊಟ್ಟ ಊರು. 1950ರಲ್ಲಿ ಅಲ್ಲಿನ ಜನಸಂಖ್ಯೆ ಹದಿನೆಂಟು ಲಕ್ಷವನ್ನು ಮೀರಿತ್ತು. ಅನಂತರ ಕಾರ್ಖಾನೆಗಳು ಬೇರೆಡೆಗೆ ಸರಿದವು, ಬಿಳಿಯ ಕುಟುಂಬಗಳು ಹೊರವಲಯಗಳಿಗೆ ಹೊರಟುಹೋದವು, 1967ರ ಗಲಭೆಯಲ್ಲಿ 43 ಮಂದಿ ಸತ್ತರು, ಮೋಟೌನ್ ಎಂಬ ಅಲ್ಲಿನ ಪ್ರಸಿದ್ಧ ಸಂಗೀತ ಸಂಸ್ಥೆಯೇ 1972ರಲ್ಲಿ ಲಾಸ್ ಏಂಜಲೀಸಿಗೆ ಗಂಟುಮೂಟೆ ಕಟ್ಟಿತು. 1990ರ ಹೊತ್ತಿಗೆ ಊರಿನಲ್ಲಿ ಉಳಿದಿದ್ದವರು ಸುಮಾರು ಹತ್ತು ಲಕ್ಷ ಜನ. ಪ್ರತಿವರ್ಷ ಅಕ್ಟೋಬರ್ 30ರ ಇರುಳು, ದೆವ್ವದ ರಾತ್ರಿ ಎಂದು ಅಲ್ಲಿನವರೇ ಕರೆಯುತ್ತಿದ್ದ ಆ ಇರುಳು, ಪಾಳುಬಿದ್ದ ಮನೆಗಳಿಗೆ ಬೆಂಕಿಯಿಡುವ ದುಷ್ಟ ವಿನೋದವೊಂದು ಬೆಳೆದು, 1984ರಲ್ಲಿ ಅದರ ಹಿಂದುಮುಂದಿನ ದಿನಗಳೂ ಸೇರಿ ಎಂಟುನೂರಕ್ಕೂ ಹೆಚ್ಚು ಕಡೆ ಊರು ಹೊತ್ತಿ ಉರಿಯಿತು. ಆಗ ಈಶಾಮ್ ಹನ್ನೊಂದು ವರ್ಷದ ಬಾಲಕ. ಮುಂದೆ ಕ್ರ್ಯಾಕ್ ಎಂಬ ಕೊಕೇನಿನ ಹಾವಳಿಯೂ ಬಂದಿತು. ಇಂತಹ ಊರಿನಲ್ಲಿ ಬೆಳೆದವನು ನರಕವನ್ನು ವರ್ಣಿಸಲು ಪುರಾಣವನ್ನು ಶೋಧಿಸಬೇಕಾಗಿರಲಿಲ್ಲ.

1989ರಲ್ಲಿ, ಹದಿನಾರರ ಆಸುಪಾಸಿನಲ್ಲಿ, ಅವನು ತನ್ನ ಮೊದಲನೆಯ ಆಲ್ಬಂ 'ಬೂಮಿನ್ ವರ್ಡ್ಸ್ ಫ್ರಮ್ ಹೆಲ್' ಅನ್ನು ಹೊರತಂದನು. ದೊಡ್ಡ ಕಂಪನಿಗಳ ಬಾಗಿಲನ್ನು ಕಾಯದೆ, ಅಣ್ಣ ಜೇಮ್ಸ್ ಸ್ಮಿತ್‌ನೊಡನೆ ಕೂಡಿ ರೀಲ್ ಲೈಫ್ ಪ್ರೊಡಕ್ಷನ್ಸ್ ಎಂಬ ಸ್ವಂತ ಸಂಸ್ಥೆಯನ್ನು ಕಟ್ಟಿ, ಕ್ಯಾಸೆಟ್ಟುಗಳನ್ನು ಊರಿನ ಅಂಗಡಿಗಳ ಮೂಲಕ ತಾವೇ ಮಾರಿದರು. ರೇಡಿಯೋ ಇವರನ್ನು ಹತ್ತಿರ ಸೇರಿಸುವಂತಿರಲಿಲ್ಲ. ಕ್ಯಾಸೆಟ್ಟು ಕೈಯಿಂದ ಕೈಗೆ, ಶಾಲೆಯಿಂದ ಶಾಲೆಗೆ ಹರಿದು ಕೀರ್ತಿಯನ್ನು ಬೆಳೆಸಿತು. ತನ್ನ ರೀತಿಗೆ ಈಶಾಮ್ ತಾನೇ ಇಟ್ಟ ಹೆಸರು 'ಆಸಿಡ್ ರ‍್ಯಾಪ್'. ಇಂದು ಲೋಕವು ಹಾರರ್‌ಕೋರ್ ಎನ್ನುವ ಪಂಥವು ಹ್ಯೂಸ್ಟನ್ನಿನ ಗೆಟೊ ಬಾಯ್ಸ್, ನ್ಯೂಯಾರ್ಕಿನ ಗ್ರೇವ್‌ಡಿಗ್ಗಾಜ್ ಮೊದಲಾದವರಿಂದ ಹೆಸರಾಯಿತಾದರೂ, ಗ್ರೇವ್‌ಡಿಗ್ಗಾಜ್ ತಂಡದ ಮೊದಲ ಆಲ್ಬಂ ಬಂದದ್ದು 1994ರಲ್ಲಿ. ಡೆಟ್ರಾಯಿಟಿನ ಹುಡುಗನು ಅಷ್ಟರಲ್ಲಿ ಐದು ವರ್ಷ ಹಾಡಿದ್ದನು.

ಈ ಕಲೆಯ ಕಟ್ಟಡವನ್ನು ಕೊಂಚ ಹತ್ತಿರದಿಂದ ನೋಡಬೇಕು. ಹಳೆಯ ಧ್ವನಿಮುದ್ರಿಕೆಯೊಂದರಿಂದ ರಾಕ್ ಗಿಟಾರಿನ ಅಥವಾ ಫಂಕ್ ಸಂಗೀತದ ಒಂದು ತುಣುಕನ್ನು ಸ್ಯಾಂಪ್ಲರ್ ಯಂತ್ರದಲ್ಲಿ ಕತ್ತರಿಸಿಕೊಂಡು, ಅದನ್ನೇ ಬಿಡದೆ ಸುತ್ತಿಸಿ, ಅದರಡಿಗೆ ಡ್ರಮ್ ಮೆಷಿನ್ನಿನ ಭಾರವಾದ ಪೆಟ್ಟನ್ನು ಇಡುತ್ತಾರೆ. ನಾಲ್ಕು ಪೆಟ್ಟಿಗೆ ಒಂದು ಆವರ್ತ. ಆ ಆವರ್ತದೊಳಗೆ ಮಾತು ಓಡಬೇಕು, ತಡೆಯಬೇಕು, ಪೆಟ್ಟು ಬೀಳುವ ಕಡೆ ಪ್ರಾಸವೂ ಬೀಳಬೇಕು. ನಮ್ಮ ಪ್ರಾಚೀನ ಕವಿಗಳು ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನು ಪಾಲಿಸಿದರೆ, ಇವರು ಪಾದಾಂತ್ಯದಲ್ಲಿ ಮಾತ್ರವಲ್ಲದೆ ಪಾದದ ನಡುನಡುವೆಯೂ ಅದನ್ನು ಹೆಣೆಯುತ್ತಾರೆ. ಸುತ್ತಿ ಸುತ್ತಿ ಬರುವ ಒಂದೇ ಸ್ವರಪಂಕ್ತಿಯು ಕೇಳುವವನಿಗೆ ಬಾಗಿಲಿಲ್ಲದ ಕೋಣೆಯೊಳಗೆ ಸಿಕ್ಕಿಬಿದ್ದ ಅನುಭವವನ್ನು ಕೊಡುತ್ತದೆ. ಭಯದ ಅರ್ಧಭಾಗವು ಮಾತಿಗಿಂತ ಮೊದಲೇ ಅಲ್ಲಿ ಸಿದ್ಧವಾಗಿರುತ್ತದೆ. ಮಿಕ್ಕ ಅರ್ಧವು ಉತ್ತಮ ಪುರುಷದ ನಿರೂಪಣೆಯದು. ಕವಿಯು ಕೊಲೆಗಾರನಾಗಿ, ಹುಚ್ಚನಾಗಿ, ಸತ್ತವನಾಗಿಯೂ 'ನಾನು' ಎಂದೇ ಮಾತನಾಡುತ್ತಾನೆ. ಕಾಸರಗೋಡು, ದಕ್ಷಿಣ ಕನ್ನಡಗಳ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷದವನು ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿಯಿಟ್ಟು, ದೊಂದಿಗೆ ರಾಳವನ್ನೆರಚಿ ಅಬ್ಬರಿಸುತ್ತ ಬಂದಾಗ ಅವನನ್ನು ಯಾರೂ ರಾಕ್ಷಸನೆಂದು ಬಗೆದು ಪೊಲೀಸರನ್ನು ಕರೆಯುವುದಿಲ್ಲ. ಈಶಾಮನ ವೇಷವು ಕಂಠದಲ್ಲಿದ್ದುದರಿಂದ, ನೋಡಲು ಚಿಟ್ಟಿಯಿಲ್ಲದುದರಿಂದ, ಅನೇಕರು ವೇಷವನ್ನೇ ಮನುಷ್ಯನೆಂದು ತಿಳಿದರು.

1992ರಲ್ಲಿ ಅವನು 'ಜಡ್ಜ್‌ಮೆಂಟ್ ಡೇ' ಎಂಬ ಕೃತಿಯನ್ನು ಹಗಲು, ಇರುಳು ಎಂಬ ಎರಡು ಸಂಪುಟಗಳಾಗಿ ಹೊರತಂದನು. ಅದೇ ವರ್ಷ ಮಾಸ್ಟಮೈಂಡ್, ಟಿಎನ್‌ಟಿ ಎಂಬ ಇಬ್ಬರೊಡನೆ ನೇಟಾಸ್ ಎಂಬ ತಂಡವನ್ನೂ ಕಟ್ಟಿದನು. ಆ ಹೆಸರನ್ನು ತಿರುಗಿಸಿ ಓದಿ ಸೈತಾನನೆಂದು ಬೆಚ್ಚಿದವರಿಗೆ, ಅದು ಕಾಲದೇಶಗಳಿಗಿಂತ ಮುಂದಿರುವ ಜನಾಂಗವೆಂಬುದರ ಸಂಕ್ಷೇಪವೆಂದು ತಂಡವು ಅರ್ಥ ಹೇಳಿತು. ಡೆಟ್ರಾಯಿಟಿನವರೇ ಆದ ಇನ್ಸೇನ್ ಕ್ಲೌನ್ ಪಾಸ್ಸೀ ಎಂಬವರು, ಮುಖಕ್ಕೆ ವಿದೂಷಕರ ಬಣ್ಣ ಬಳಿದು ಮುಂದೆ ದೇಶದಾದ್ಯಂತ ಜನವನ್ನು ಸೆಳೆದವರು, ತಮ್ಮ 1992ರ ಮೊದಲ ಆಲ್ಬಂನಲ್ಲಿ ಇವನನ್ನೂ ಅತಿಥಿಯಾಗಿ ಹಾಡಿಸಿಕೊಂಡರು. ರ‍್ಯಾಪ್ ಗಾಯಕ ಎಮಿನೆಮ್ ತನ್ನನ್ನು ಲೋಕಪ್ರಸಿದ್ಧನನ್ನಾಗಿಸಿದ 1999ರ ಆಲ್ಬಂನ ಹಾಡೊಂದರಲ್ಲಿ ಇವನ ಹೆಸರನ್ನು ಸ್ಮರಿಸಿದನು. ಶಿಷ್ಯಸ್ಥಾನದವರು ಮಹಲು ಕಟ್ಟಿದರು. ದಾರಿ ತೋರಿದವನು ನೆಲಮಾಳಿಗೆಯಲ್ಲಿಯೇ ಉಳಿದನು. ಇದು ಅನ್ಯಾಯವೆಂದೇ ನನ್ನ ಭಾವನೆ. 2002ರಲ್ಲಿ ಈಶಾಮ್ ಅದೇ ಕ್ಲೌನ್ ತಂಡದ ಸೈಕೋಪಾಥಿಕ್ ರೆಕಾರ್ಡ್ಸ್ ಸಂಸ್ಥೆಗೆ ಸೇರಿ, ಮರುವರ್ಷ ಪಶ್ಚಾತ್ತಾಪವೆಂಬ ಅರ್ಥದ 'ರಿಪೆಂಟೆನ್ಸ್' ಅನ್ನು ಕೊಟ್ಟು, 2005ರಲ್ಲಿ ಹೊರಬಂದು, ತನ್ನ ಹಳೆಯ ರೀಲ್ ಲೈಫ್ ಸಂಸ್ಥೆಗೇ ಮರಳಿದನು.

ಅವನ ದೋಷಗಳನ್ನು ಮುಚ್ಚಿಡುವುದು ಪರಿಚಯಕಾರನ ಧರ್ಮವಲ್ಲ. ಹೆಣ್ಣನ್ನು ಕುರಿತ ಕ್ರೌರ್ಯದ ಮಾತುಗಳು ಅವನ ಆರಂಭದ ಹಾಡುಗಳಲ್ಲಿ ಹೇರಳವಾಗಿವೆ. ಅವುಗಳನ್ನು ಭಯಾನಕ ರಸದ ಲೆಕ್ಕಕ್ಕೆ ಬರೆದು ಸಮರ್ಥಿಸಲು ನಾನು ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಹುಟ್ಟುವುದು ರಸವಲ್ಲ, ಬರಿಯ ಜುಗುಪ್ಸೆ. ಆದರೆ ಉರಿಯುವ ಊರನ್ನೂ, ಮತ್ತಿನಲ್ಲಿ ಮುಳುಗುವ ಗೆಳೆಯರನ್ನೂ, ತನ್ನ ಸಾವನ್ನೂ ಅವನು ಕಣ್ಣಿಟ್ಟು ನೋಡುವಾಗ, ಆ ಎಳೆಯ ಕಂಠದಲ್ಲಿ ಸಾಕ್ಷಿಯೊಬ್ಬನ ನಿಷ್ಠುರತೆಯಿರುತ್ತದೆ. ನಗರವೊಂದರ ಅವನತಿಯನ್ನು ಅದರ ದಿವಾಳಿಗಿಂತ ಎಷ್ಟೋ ಮೊದಲೇ ಅವನು ದಾಖಲಿಸಿದನು. ಆ ನಗರಸಭೆ ತಾನು ದಿವಾಳಿಯೆಂದು ನ್ಯಾಯಾಲಯಕ್ಕೆ ಅರ್ಜಿ ಹಾಕಿಕೊಂಡದ್ದು 2013ರಲ್ಲಿ.

ಕೇಳಬಯಸುವ ಓದುಗರು 'ಜಡ್ಜ್‌ಮೆಂಟ್ ಡೇ'ಯ ಎರಡು ಸಂಪುಟಗಳಿಂದ ಪ್ರಾರಂಭಿಸುವುದು ಲೇಸು. ಮೊದಲನೆಯ ಆಲ್ಬಂ ಅವುಗಳ ಅನಂತರ ಹೆಚ್ಚು ಚೆನ್ನಾಗಿ ಅರ್ಥವಾಗುತ್ತದೆ. ಎಳೆಯ ಮಕ್ಕಳ ಕೈಗೆ ಇವನ್ನು ಕೊಡಬೇಡಿ. ಹರೆಯದ ಮಗನೋ ಮಗಳೋ ಈಗಾಗಲೇ ಕೇಳುತ್ತಿದ್ದರೆ, ಗದರುವುದಕ್ಕೆ ಮೊದಲು ಒಂದು ಹಾಡನ್ನು ಅವರೊಡನೆ ಕುಳಿತು ಪೂರ್ತಿಯಾಗಿ ಕೇಳಿ.