ಹುಳಿ ಹಿಡಿದ ದುಬಾರಿ ಬಾಟಲಿ

ಬೆಳಿಗ್ಗೆ ತಂದ ಹಾಲಿನ ಪ್ಯಾಕೆಟ್ ಕಾಯಿಸುವಾಗ ಒಡೆದುಹೋದರೆ ನಮ್ಮಲ್ಲಿ ಯಾರೂ ‘ಬಹುಶಃ ಈ ಹಾಲೇ ಹೀಗಿರಬೇಕು’ ಅಂದುಕೊಳ್ಳುವುದಿಲ್ಲ. ಖಾಲಿ ಪ್ಯಾಕೆಟ್ ಹಿಡಿದು ಅಂಗಡಿಗೆ ಹೋಗುತ್ತೇವೆ, ಬೇರೆ ಕೊಡಪ್ಪ ಅನ್ನುತ್ತೇವೆ. ಅದೇ ಸಾವಿರಗಟ್ಟಲೆ ರೂಪಾಯಿ ಕೊಟ್ಟು ತಂದ ಕ್ರಾಫ್ಟ್ ಬಿಯರ್ ಬಾಟಲಿ ಹುಳಿ ಹೊಡೆದರೆ? ಅನುಮಾನ ಬಾಟಲಿಯ ಮೇಲೆ ಬರುವುದಿಲ್ಲ. ನಮ್ಮ ನಾಲಿಗೆಯ ಮೇಲೆ ಬರುತ್ತದೆ. ಚಿನ್ನದ ಸೂಜಿ ಅಂತ ಕಣ್ಣಿಗೆ ಚುಚ್ಚಿಕೊಳ್ಳಬಾರದು ಎಂದು ಅಜ್ಜಿ ಕಾಲದಿಂದ ಕೇಳಿದ್ದರೂ ಬಾಟಲಿಯ ಬೆಲೆ ನೋಡಿದ ಮೇಲೆ ಗಾದೆ ಮರೆತುಹೋಗುತ್ತದೆ.

ಬಿಯರ್ ಮುಟ್ಟದ ಓದುಗರು ಪುಟ ತಿರುಗಿಸಬೇಕಿಲ್ಲ. ನಾನು ಹೇಳಹೊರಟಿರುವುದು ಕುಡಿತದ ಕಥೆಯನ್ನಲ್ಲ, ಹಾಳಾದ ಸರಕಿನ ಕಥೆಯನ್ನು.

ಇದರಲ್ಲಿ ತುಂಬ ಹೆಸರಾದ ಪ್ರಕರಣ ನಡೆದದ್ದು ಅಮೆರಿಕದ ಶಿಕಾಗೋದಲ್ಲಿ. ಅಲ್ಲಿ ಗೂಸ್ ಐಲ್ಯಾಂಡ್ ಎಂಬ ಬ್ರೂವರಿ ಇದೆ. ಜಾನ್ ಹಾಲ್ ಎಂಬುವರು 1988ರಲ್ಲಿ ಶುರು ಮಾಡಿದ್ದು, 2011ರಲ್ಲಿ ದೈತ್ಯ ಕಂಪನಿ ಆನ್‌ಹೈಸರ್-ಬುಷ್ ಇನ್‌ಬೆವ್ ಅದನ್ನು ಕೊಂಡುಕೊಂಡಿತು. ಇವರ ಬರ್ಬನ್ ಕೌಂಟಿ ಸ್ಟೌಟ್ ಅಂದರೆ ಬಿಯರ್ ಪ್ರಿಯರಿಗೆ ಹಬ್ಬ. ಚೆನ್ನಾಗಿ ಹುರಿದ ಬಾರ್ಲಿಯಿಂದ ಮಾಡಿದ, ಡಿಕಾಕ್ಷನ್ ಬಣ್ಣದ ದಪ್ಪ ಬಿಯರ್. ಆಲ್ಕೋಹಾಲ್ ಶೇಕಡಾ 14ರ ಆಸುಪಾಸು, ಅಂದರೆ ವೈನ್ ಮಟ್ಟದ್ದು. ಅದನ್ನು ಬರ್ಬನ್ ವಿಸ್ಕಿ ಇಟ್ಟಿದ್ದ ಓಕ್ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಟ್ಟು ಹದ ಮಾಡುತ್ತಾರೆ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ನಿಗೆ ಪ್ರತಿ ಸಲವೂ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು. ಹೀಗಾಗಿ ಒಂದೇ ಸಲ ಬಳಸಿದ ಪೀಪಾಯಿಗಳು ಬಿಯರಿನವರಿಗೆ ಧಾರಾಳವಾಗಿ ಸಿಗುತ್ತವೆ.

ವರ್ಷಕ್ಕೊಮ್ಮೆ, ನವೆಂಬರಿನ ಬ್ಲ್ಯಾಕ್ ಫ್ರೈಡೇ ದಿನ ಇದರ ಬಿಡುಗಡೆ. ಆ ಚಳಿಯಲ್ಲೂ ಜನ ಕ್ಯೂ ನಿಲ್ಲುತ್ತಾರೆ. ಕೊಂಡದ್ದರಲ್ಲಿ ಒಂದನ್ನು ಕುಡಿದು, ಉಳಿದದ್ದನ್ನು ನಾವು ಉಪ್ಪಿನಕಾಯಿ ಭರಣಿ ಇಡುವ ಹಾಗೆ ಕತ್ತಲ ಕೋಣೆಯಲ್ಲಿ ವರ್ಷಾನುಗಟ್ಟಲೆ ಇಡುತ್ತಾರೆ. ಹಳೆಯದಾದಷ್ಟೂ ರುಚಿ ಮಾಗುತ್ತದೆ ಎಂಬ ನಂಬಿಕೆ, ಅದು ಸುಳ್ಳೂ ಅಲ್ಲ.

2015ರ ನವೆಂಬರ್ 27ರಂದು ಬಂದ ಸರಕಿನಲ್ಲಿ ಎಡವಟ್ಟಾಯಿತು. ಕಾಫಿ ಬೆರೆಸಿದ ಸ್ಟೌಟ್, ಬಾರ್ಲಿವೈನ್ ಎಂಬ ಇನ್ನೊಂದು ಬಗೆ, ಇವೆರಡರ ಕೆಲವು ಬಾಟಲಿಗಳು ಹುಳಿಯಾಗಿದ್ದವು. 2016ರ ಜನವರಿಯಲ್ಲಿ ಕಂಪನಿ ಅದನ್ನು ಒಪ್ಪಿಕೊಂಡು ಹಣ ವಾಪಸು ಕೊಡುವುದಾಗಿ ಹೇಳಿತು. ಅಷ್ಟಕ್ಕೆ ಮುಗಿಯಿತು ಅಂದುಕೊಂಡರೆ ಜುಲೈನಲ್ಲಿ ಇನ್ನೊಂದು ಪ್ರಕಟಣೆ ಬಂತು. ಮೂಲ ಸ್ಟೌಟಿನ ಕೆಲವು ಬಾಟಲಿಗಳೂ, ಪ್ರೊಪ್ರೈಟರ್ಸ್ ಎಂಬ ವಿಶೇಷ ಬಗೆಯೂ ಪಟ್ಟಿಗೆ ಸೇರಿದವು. ಬಾಟಲಿಯ ಮೇಲೆ ಮುದ್ರಿಸಿದ ತಾರೀಖು ನೋಡಿಕೊಳ್ಳಿ ಎಂದರು. ನಮ್ಮ ಕಸುಬಿನ ಮಾತಲ್ಲಿ ಹೇಳುವುದಾದರೆ, ಪ್ರೊಡಕ್ಷನ್‌ಗೆ ಹೋಗಿ ಎಂಟು ತಿಂಗಳಾದ ಮೇಲೆ ತಲೆಯೆತ್ತಿದ ಬಗ್.

ಯಾಕೆ ತಡವಾಯಿತು ಅನ್ನುವುದೇ ಇಲ್ಲಿನ ಸ್ವಾರಸ್ಯ. ಕಾರಣ ಲ್ಯಾಕ್ಟೋಬ್ಯಾಸಿಲಸ್ ಅಸಿಟೋಟಾಲರನ್ಸ್ ಎಂಬ ಬ್ಯಾಕ್ಟೀರಿಯಾ. ಲ್ಯಾಕ್ಟೋಬ್ಯಾಸಿಲಸ್ ಕುಟುಂಬ ನಮಗೆ ಹೊಸದಲ್ಲ. ಮನೆಯ ಮೊಸರು ಹೆಪ್ಪಾಗುವುದರಲ್ಲಿ, ದೋಸೆ ಹಿಟ್ಟು ಹುಳಿ ಬರುವುದರಲ್ಲಿ ಇದೇ ಬಳಗದವರ ಕೈವಾಡ. ಈ ನಿರ್ದಿಷ್ಟ ಸದಸ್ಯನನ್ನು ಜಪಾನಿನ ವಿಜ್ಞಾನಿಗಳು ವಿನೆಗರ್ ಹುದುಗಿನಲ್ಲಿ ಕಂಡುಹಿಡಿದು 1986ರಲ್ಲಿ ಹೆಸರಿಟ್ಟರು. ವಿನೆಗರ್‌ನಲ್ಲೇ ಬದುಕುವವನಿಗೆ ಬಿಯರ್ ಯಾವ ಲೆಕ್ಕ!

ಬಿಯರಿಗೆ ಸಾಮಾನ್ಯವಾಗಿ ಮೂರು ಕಾವಲು: ಆಲ್ಕೋಹಾಲ್, ಆಮ್ಲ ಗುಣ, ಮತ್ತು ಕಹಿ ಕೊಡುವ ಹಾಪ್ಸ್ ಹೂವು. ಹಾಪ್ಸ್‌ನ ಕಹಿ ಈ ಜಾತಿಯ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಇಷ್ಟು ಆಲ್ಕೋಹಾಲ್ ಇರುವ ಬಿಯರಿನಲ್ಲಿ ಏನೂ ಬೆಳೆಯುವುದಿಲ್ಲ ಎಂಬ ಧೈರ್ಯ ಬ್ರೂವರಿಗಳಿಗೆ ಇರುವುದು ಸಹಜ. ಆದರೆ ಮರದ ಪೀಪಾಯಿಯ ಸಣ್ಣ ರಂಧ್ರಗಳಲ್ಲಿ ಯಾರ‍್ಯಾರು ಅಡಗಿರುತ್ತಾರೋ! ಸ್ಟೀಲ್ ಟ್ಯಾಂಕನ್ನು ತಿಕ್ಕಿ ತೊಳೆದ ಹಾಗೆ ಮರವನ್ನು ತೊಳೆಯಲಾಗುವುದಿಲ್ಲ.

ಇನ್ನು ಪರೀಕ್ಷೆ. ಪ್ರಯೋಗಾಲಯದಲ್ಲಿ ಬಿಯರಿನ ಹನಿಯನ್ನು ಪೋಷಕಾಂಶವಿರುವ ತಟ್ಟೆಯ ಮೇಲೆ ಹಾಕಿ ಕೆಲವು ದಿನ ಬಿಟ್ಟು ಏನಾದರೂ ಬೆಳೆಯಿತೇ ಎಂದು ನೋಡುತ್ತಾರೆ. ಈ ಬ್ಯಾಕ್ಟೀರಿಯಾ ತೀರಾ ನಿಧಾನಿ, ಮಾಮೂಲಿ ತಟ್ಟೆಯ ಊಟ ಅದಕ್ಕೆ ಸೇರುವುದೂ ಇಲ್ಲ. ಅಂಥ ತಟ್ಟೆ ಖಾಲಿ ಉಳಿಯುತ್ತದೆ, ವರದಿ ಹಸಿರು ಬಣ್ಣದಲ್ಲಿ ಬರುತ್ತದೆ, ಬಾಟಲಿ ಹೊರಡುತ್ತದೆ. ಟೆಸ್ಟಿಂಗ್ ಟೀಮಿನಲ್ಲಿ ಕೆಲಸ ಮಾಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಟೆಸ್ಟ್ ಕೇಸ್ ಪಾಸಾಯಿತು ಅಂದರೆ ನಾವು ಹುಡುಕಿದ ತಪ್ಪು ಅಲ್ಲಿಲ್ಲ ಅಂತಷ್ಟೇ ಅರ್ಥ. ಈಗ ಹಾಪ್ಸ್ ತಡೆದುಕೊಳ್ಳುವ ಜೀನ್ ಇದೆಯೇ ಎಂದು ಪಿಸಿಆರ್‌ನಲ್ಲಿ ನೋಡುವ ಪದ್ಧತಿ ಇದೆ. ಕೋವಿಡ್ ಪುಣ್ಯದಿಂದ ಪಿಸಿಆರ್ ಅಂದರೇನೆಂದು ನಮಗೆಲ್ಲ ಬಾಯಿಪಾಠ.

ಮುಂದಿನ ವರ್ಷದಿಂದ ಗೂಸ್ ಐಲ್ಯಾಂಡ್ ಈ ಬಿಯರನ್ನು ಪಾಶ್ಚರೀಕರಿಸಿಯೇ ಬಾಟಲಿಗೆ ಹಾಕತೊಡಗಿತು. ಸುಮಾರು 70 ಡಿಗ್ರಿಯಲ್ಲಿ ಕೆಲವೇ ಸೆಕೆಂಡು ಬಿಸಿ ಮಾಡಿ ತಣಿಸುವ ವಿಧಾನ, ನಮ್ಮ ಹಾಲಿನ ಡೈರಿಗಳದ್ದೂ ಹೆಚ್ಚುಕಡಿಮೆ ಅದೇ. ಬಿಸಿ ಮಾಡಿದರೆ ಬಿಯರಿನ ಜೀವ ಹೋಗುತ್ತದೆ, ಆಮೇಲೆ ಅದು ಮಾಗುವುದಿಲ್ಲ ಎಂದು ವಾದಿಸುವ ಶುದ್ಧಾಚಾರಿಗಳಿದ್ದಾರೆ. ನನಗೆ ಈ ವಾದ ಒಪ್ಪಿಗೆಯಿಲ್ಲ. ಮಾಗುವುದರಲ್ಲಿ ಮರದ, ಗಾಳಿಯ, ಕಾಲದ ಪಾತ್ರ ಇದ್ದೇ ಇದೆ, ಅದಕ್ಕೆ ಜೀವಂತ ಬ್ಯಾಕ್ಟೀರಿಯಾ ಬೇಕಿಲ್ಲ. ಐದು ವರ್ಷ ಇಟ್ಟುಕೊಳ್ಳಿ ಎಂದು ಮಾರುವವರು ಐದು ವರ್ಷಕ್ಕೆ ಜವಾಬ್ದಾರರಾಗಬೇಕು.

ಪಾಶ್ಚರ್ ಹೆಸರು ಹಾಲಿನ ಜೊತೆ ಅಂಟಿಕೊಂಡಿದ್ದರೂ ಆತ ಬಿಯರಿನ ರೋಗಗಳ ಮೇಲೆ 1876ರಲ್ಲಿ ಒಂದು ಇಡೀ ಗ್ರಂಥ ಬರೆದಾತ. 1871ರಲ್ಲಿ ಲಂಡನ್ನಿನ ವ್ಹಿಟ್‌ಬ್ರೆಡ್ ಬ್ರೂವರಿಗೆ ಹೋಗಿ ಪೋರ್ಟರ್ ಬಿಯರಿನ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದರಲ್ಲಿ ಕಲಬೆರಕೆ ಜೀವಿಗಳಿವೆ ಎಂದು ಅಲ್ಲೇ ಹೇಳಿದನಂತೆ. ಬ್ರೂವರಿಯವರು ಬೇಗನೆ ತಮ್ಮದೇ ಸೂಕ್ಷ್ಮದರ್ಶಕ ಕೊಂಡುಕೊಂಡರು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್‌ನಲ್ಲಿ ಎಮಿಲ್ ಹ್ಯಾನ್ಸನ್ ಒಂದೇ ಒಂದು ಯೀಸ್ಟ್ ಕೋಶದಿಂದ ಶುದ್ಧ ತಳಿ ಬೆಳೆಸಿದ. ಅಲ್ಲೂ ಕಾಡಿದ್ದು ಹಾಳಾದ ಬಿಯರೇ. ಕಾಡು ಯೀಸ್ಟ್ ನುಗ್ಗಿ ರುಚಿ ಕೆಡಿಸಿತ್ತು. ಆ ವಿಧಾನವನ್ನು ಕಾರ್ಲ್ಸ್‌ಬರ್ಗ್ ಬಚ್ಚಿಡದೆ ಉಳಿದ ಬ್ರೂವರಿಗಳಿಗೂ ಕೊಟ್ಟಿತು.

ಈಗ ಪುಣೆಗೆ ಬರೋಣ. ನಮ್ಮ ಗುಂಪಿನ ಹುಬ್ಬಳ್ಳಿಯ ಗೆಳೆಯನಿಗೆ ಅವನ ಭಾವಮೈದುನ ಅಮೆರಿಕದಿಂದ ಒಂದು ಸ್ಟೌಟ್ ತಂದುಕೊಟ್ಟಿದ್ದ. ಬೇರೆ ಬ್ರೂವರಿಯದು, ಹೆಸರು ಬೇಡ. ಬಾಯಿಗೆ ಮೇಣದ ಮುದ್ರೆ, ಲೇಬಲ್ಲಿನ ಮೇಲೆ ಬ್ಯಾಚ್ ನಂಬರ್, ನೋಡಿದರೆ ಪೂಜೆಗಿಡಬೇಕು ಅನ್ನಿಸುವಂತಿತ್ತು. ಫ್ರಿಜ್ಜಿನ ತಳದಲ್ಲಿ ಎರಡು ವರ್ಷ ಕಾದದ್ದು ಅವನ ಹೊಸ ಫ್ಲ್ಯಾಟಿನ ಗೃಹಪ್ರವೇಶದ ಮರುದಿನ ಹೊರಬಂತು. ಮುಚ್ಚಳ ತೆಗೆದದ್ದೇ ತಡ, ನೊರೆ ಉಕ್ಕಿ ಹೊಸ ಟೇಬಲ್ಲಿನ ಮೇಲೆಲ್ಲ ಹರಿಯಿತು. ಗ್ಲಾಸಿಗೆ ಬಿದ್ದದ್ದು ತೆಳ್ಳಗಿತ್ತು. ಒಂದು ಗುಟುಕು ಕುಡಿದು ಎಲ್ಲರೂ ಸುಮ್ಮನಾದೆವು.

“ಹುಳಿ ಐತೇನಲೇ?” ಅಂದ ಅವನು, ಮೆಲ್ಲಗೆ.

“ಬೆಲ್ಜಿಯಂ ಕಡೆ ಹುಳಿ ಬಿಯರೇ ಮಾಡ್ತಾರಲ್ಲ ಮಾರಾಯ, ಆ ಥರದ್ದಿರಬೇಕು,” ಅಂದ ತೀರ್ಥಹಳ್ಳಿಯವನು.

ಬೆಲ್ಜಿಯಮ್ಮಿನ ಲ್ಯಾಂಬಿಕ್ ಬಿಯರುಗಳು ಬೇಕೆಂದೇ ಹುಳಿ ಬರಿಸಿದವು, ನಿಜ. ಆದರೆ ಈ ಬಾಟಲಿಯ ಮೇಲೆ ಹಾಗೇನೂ ಬರೆದಿರಲಿಲ್ಲ, ಚಾಕೊಲೇಟ್, ವೆನಿಲಾ ಅಂತ ಬರೆದಿತ್ತು. ಆದರೂ ಹದಿನೈದು ನಿಮಿಷ ನಾಲ್ಕು ಜನ ಎಂಜಿನಿಯರುಗಳು ಗ್ಲಾಸು ಮೂಸುತ್ತ ಹುಣಸೆ, ಒಣದ್ರಾಕ್ಷಿ, ‘ಕಾಂಪ್ಲೆಕ್ಸಿಟಿ’ ಎಂದು ಚರ್ಚಿಸಿದೆವು. ಕೊನೆಗೆ ಗೆಳೆಯನ ತಾಯಿ ಅಡುಗೆಮನೆಯಿಂದ ಬಂದು, ವಾಸನೆ ನೋಡಿ, “ಕೆಟ್ಟೈತಿ ಬಿಡ್ರೋ, ಚೆಲ್ರಿ,” ಅಂದರು. ಅವರು ಜನ್ಮದಲ್ಲಿ ಬಿಯರ್ ಕುಡಿದವರಲ್ಲ. ನಲವತ್ತು ವರ್ಷ ದೋಸೆ ಹಿಟ್ಟು ನೋಡಿದವರು.

ಅವರು ಹೇಳಿದ ಮೇಲೆ ಲಕ್ಷಣಗಳೆಲ್ಲ ಒಂದೊಂದಾಗಿ ಹೊಂದಿಕೊಂಡವು. ನೊರೆ ಉಕ್ಕಿದ್ದು, ಬಾಟಲಿಯೊಳಗೆ ಏನೋ ಸಕ್ಕರೆ ತಿಂದು ಗ್ಯಾಸ್ ಬಿಟ್ಟಿದ್ದರಿಂದ. ತೆಳ್ಳಗಾದದ್ದೂ ಅದಕ್ಕೇ. ಕೆಲವೊಮ್ಮೆ ಕತ್ತಿನ ಒಳಗೋಡೆಯಲ್ಲಿ ಬಿಳಿ ಉಂಗುರ ಕಾಣುತ್ತದೆ, ಬೆಣ್ಣೆ ಕಮಟಿದಂಥ ವಾಸನೆಯೂ ಬರಬಹುದು. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಸೋಂಕಲ್ಲ, ಗಾಳಿ ತಾಗಿ ಹಳತಾದದ್ದು. ಹಸಿರು ಅಥವಾ ಬಿಳಿ ಗಾಜಿನ ಬಾಟಲಿ ಬಿಸಿಲಿಗೆ ಬಿದ್ದರೆ ಬರುವ ನಾತವೇ ಬೇರೆ; ಅದು ಬೆಳಕು ಹಾಪ್ಸ್‌ನ ಮೇಲೆ ಮಾಡುವ ಕಿತಾಪತಿ, ಅದರ ಹೊಣೆ ಬಹುಪಾಲು ಅಂಗಡಿಯವನದು. ಕೆಟ್ಟ ಬಿಯರಿನಿಂದ ಆರೋಗ್ಯಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ. ರೋಗ ತರುವ ಕ್ರಿಮಿಗಳು ಬಿಯರಿನಲ್ಲಿ ಬದುಕುವುದು ಕಷ್ಟ. ಆದರೆ ಉಬ್ಬಿದ ಕ್ಯಾನ್, ಮುಚ್ಚಳ ಸಡಿಲಾಗಿ ಗ್ಯಾಸ್ ಬಿಡುತ್ತಿರುವ ಬಾಟಲಿ ಇದ್ದರೆ ಮುಖದ ಹತ್ತಿರ ಹಿಡಿಯಬೇಡಿ. ಒತ್ತಡ ಹೆಚ್ಚಾಗಿ ಗಾಜು ಸಿಡಿಯುತ್ತದೆ.

ಬೆಂಗಳೂರು, ಪುಣೆಗಳ ಮೈಕ್ರೋಬ್ರೂವರಿಗಳಲ್ಲಿ ಈ ತಾಪತ್ರಯ ಕಡಿಮೆ. ಅಲ್ಲೇ ಮಾಡಿ ಅಲ್ಲೇ ಸುರಿಯುತ್ತಾರೆ, ಟ್ಯಾಂಕು ಬೇಗ ಖಾಲಿಯಾಗುತ್ತದೆ, ನಿಧಾನಿ ಬ್ಯಾಕ್ಟೀರಿಯಾಕ್ಕೆ ಸಮಯವೇ ಸಿಗುವುದಿಲ್ಲ. ಹಾಳಾದರೂ ಎದುರಿಗೇ ಮಾಡಿದವನಿರುತ್ತಾನೆ, ಗ್ಲಾಸು ವಾಪಸು ಕೊಡಬಹುದು. ಬಾಟಲಿ ಸಮುದ್ರ ದಾಟಿ ಬಂದರೆ ಉಳಿಯುವುದು ಲೇಬಲ್ಲಿನ ಮೇಲಿನ ಇಮೇಲ್ ವಿಳಾಸ ಮಾತ್ರ.

ಆ ವಿಳಾಸಕ್ಕೆ ಗೆಳೆಯನ ಪರವಾಗಿ ನಾನೇ ಬರೆದೆ. ಬ್ಯಾಚ್ ನಂಬರ್, ಬಾಟಲಿಗೆ ತುಂಬಿದ ತಾರೀಖು, ಇಟ್ಟಿದ್ದ ತಾಪಮಾನ, ಉಕ್ಕಿದ ನೊರೆಯ ಫೋಟೊ, ರುಚಿಯ ವಿವರ, ಎಲ್ಲವನ್ನೂ ಒಳ್ಳೆ ಬಗ್ ರಿಪೋರ್ಟಿನ ಹಾಗೆ ಜೋಡಿಸಿ ಕಳಿಸಿದೆ. ಹಣ ಕೇಳಲಿಲ್ಲ, ಅದೇ ಬ್ಯಾಚಿನ ಬೇರೆ ಬಾಟಲಿಗಳ ಬಗ್ಗೆ ದೂರು ಬಂದಿದೆಯೇ ಎಂದಷ್ಟೇ ಕೇಳಿದೆ. ಎರಡು ನಿಮಿಷದಲ್ಲಿ ಉತ್ತರ ಬಂತು: ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಟಿಕೆಟ್ ನಂಬರ್ ಇಂತಿಷ್ಟು. ಹನ್ನೊಂದು ತಿಂಗಳಾಯಿತು, ಟಿಕೆಟ್ ಇನ್ನೂ ಓಪನ್ ಇದೆ.